ಹಳೆಯ ನುಡಿ ಫೈಲ್‌ಗಳಿಂದ ಹುಡುಕಲು ಬರುವ ಪಿಡಿಎಫ್: ಒಂದು ಕೆಲಸದ ದಾಖಲೆ

ಹನುಮಂತನಗರದ ನಮ್ಮ ಬಡಾವಣೆಯ ಕನ್ನಡ ಸಂಘ ಪ್ರತಿ ನವೆಂಬರ್‌ನಲ್ಲಿ ಒಂದು ಸ್ಮರಣ ಸಂಚಿಕೆ ತರುತ್ತದೆ. 2003ರಿಂದ 2014ರವರೆಗಿನ ಸಂಚಿಕೆಗಳ ವರ್ಡ್ ಫೈಲ್‌ಗಳು ಒಂದು ಹಳೆಯ ಹಾರ್ಡ್ ಡಿಸ್ಕ್‌ನಲ್ಲೂ ಕೆಲವು ಸಿಡಿಗಳಲ್ಲೂ ಉಳಿದಿದ್ದವು. ಅಚ್ಚಾದ ಪ್ರತಿಗಳು ಕೆಲವರ ಮನೆಯಲ್ಲಿ ಮಾತ್ರ ಇವೆ. ಎಲ್ಲವನ್ನೂ ಪಿಡಿಎಫ್ ಮಾಡಿ ಸದಸ್ಯರಿಗೆ ಕಳಿಸಬೇಕು ಅಂತ ತೀರ್ಮಾನವಾಯಿತು. ಕೆಲಸ ನನ್ನ ಪಾಲಿಗೆ ಬಂತು.

"ಸೇವ್ ಆ್ಯಸ್ ಪಿಡಿಎಫ್ ಒತ್ತಿದ್ರೆ ಆಯ್ತಲ್ವೇನಪ್ಪಾ?" ಅಂದರು ಕಾರ್ಯದರ್ಶಿ ಮೇಷ್ಟ್ರು.

"ನೋಡೋಕೆ ಆಗುತ್ತೆ ಮೇಷ್ಟ್ರೇ. ಹುಡುಕೋಕೆ ಆಗಲ್ಲ" ಅಂದೆ.

ಈ ಸಂಚಿಕೆಗಳಲ್ಲಿ ಬೆಲೆಬಾಳುವ ವಿಷಯ ತುಂಬಾ ಇದೆ. ಕೆಂಪಾಂಬುಧಿ ಕೆರೆಯ ಬಗ್ಗೆ, ಮೆಜೆಸ್ಟಿಕ್ ಬಸ್ ನಿಲ್ದಾಣವಾದ ಧರ್ಮಾಂಬುಧಿ ಕೆರೆಯ ಬಗ್ಗೆ, ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಯ ಬಗ್ಗೆ ಹಿರಿಯರು ಬರೆದ ನೆನಪುಗಳಿವೆ. ಯಾರೋ ಹುಡುಗಿ ಫೋನ್‌ನಲ್ಲಿ 'ಧರ್ಮಾಂಬುಧಿ' ಅಂತ ಟೈಪ್ ಮಾಡಿದರೆ ಆ ಪುಟ ಸಿಗಬೇಕು. ಕಣ್ಣು ಕಾಣದ ಸದಸ್ಯರೊಬ್ಬರು ಫೋನ್ ಓದಿ ಹೇಳುವುದನ್ನು ಕೇಳಿ ಆ ಬರಹ ತಿಳಿಯುವಂತಿರಬೇಕು. ಪಿಡಿಎಫ್ ಮಾಡುವುದು ಅಂದರೆ ನನಗೆ ಇಷ್ಟೂ ಸೇರಿದೆ. ಪುಟ ಚೆನ್ನಾಗಿ ಕಾಣುವುದು ಅದರ ಅರ್ಧ ಭಾಗ ಮಾತ್ರ.

ಫೈಲ್ ಒಳಗೆ ಏನಿದೆ?

ಡಾಕ್ಸ್ ಫೈಲ್, ಅಂದರೆ ಈಗಿನ ವರ್ಡ್ ಫೈಲ್, ಒಂದು ಜಿಪ್ ಕಟ್ಟು. ಹೆಸರಿನ ಕೊನೆಯನ್ನು ಜಿಪ್ ಅಂತ ಬದಲಿಸಿ ಬಿಚ್ಚಿದರೆ ಒಳಗೆ ಎಕ್ಸ್‌ಎಂಎಲ್ ಫೈಲ್‌ಗಳು ಸಿಗುತ್ತವೆ. ಅವುಗಳಲ್ಲಿ ಒಂದು ಫಾಂಟ್‌ಗಳ ಪಟ್ಟಿ. ಹಳೆಯ ಡಾಕ್ ಫೈಲ್‌ಗಳನ್ನು ಮೊದಲು ಲಿಬ್ರೆಆಫೀಸ್ ಅನ್ನುವ ಉಚಿತ ತಂತ್ರಾಂಶದ ಕಮ್ಯಾಂಡ್ ಲೈನ್‌ನಿಂದ ಒಟ್ಟಿಗೆ ಡಾಕ್ಸ್ ಮಾಡಿಕೊಂಡೆ. ಹೆಡ್‌ಲೆಸ್ ಅನ್ನುವ ಆಯ್ಕೆ ಕೊಟ್ಟರೆ ಕಿಟಕಿ ತೆರೆಯದೆ ಇಡೀ ಫೋಲ್ಡರ್ ಬದಲಾಗುತ್ತದೆ. ಮೂಲ ಫೈಲ್‌ಗಳನ್ನು ಬೇರೆ ಫೋಲ್ಡರ್‌ನಲ್ಲಿಟ್ಟು ರೀಡ್ ಓನ್ಲಿ ಮಾಡಿದೆ. ಇದನ್ನು ಎಲ್ಲರೂ ಮೊದಲೇ ಮಾಡಿಕೊಳ್ಳಿ.

ಫಾಂಟ್ ಪಟ್ಟಿ ನೋಡಿದರೆ ಹೆಚ್ಚಿನವು ನುಡಿ, ನಡುವೆ ಕೆಲವು ಬರಹ (ಎರಡೂ ಕನ್ನಡ ಟೈಪಿಂಗ್ ತಂತ್ರಾಂಶಗಳ ಫಾಂಟ್‌ಗಳು), ಕೊನೆಯ ಒಂದೆರಡು ಸಂಚಿಕೆ ಮಾತ್ರ ತುಂಗಾ. ತುಂಗಾ ಯೂನಿಕೋಡ್ ಫಾಂಟ್, ಅಂದರೆ ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ವ್ಯವಸ್ಥೆಯದು. ಅವುಗಳ ಕೆಲಸ ಸುಲಭ. ಉಳಿದವೆಲ್ಲ ಆಸ್ಕಿ ಫಾಂಟ್‌ಗಳು.

ಆಸ್ಕಿ ಫೈಲ್‌ನಲ್ಲಿ ಕನ್ನಡ ಅಕ್ಷರವೇ ಇರುವುದಿಲ್ಲ. ಇರುವುದು ಇಂಗ್ಲಿಷ್ ಅಕ್ಷರಗಳು, ಪೌಂಡ್ ಗುರುತು, ನೆತ್ತಿಯ ಮೇಲೆ ಗೆರೆ ಹೊತ್ತ 'ಎ' ಇಂಥವು. ನುಡಿ ಫಾಂಟ್ ಆ ಜಾಗಗಳಲ್ಲಿ ಕನ್ನಡದ ಚೂರುಗಳನ್ನು ಬರೆದು ತೋರಿಸುತ್ತದೆ. ಪೌಂಡ್ ಗುರುತಿನ ಜಾಗದಲ್ಲಿ 'ನ'ದ ಕೆಳಭಾಗ, ಆ ಗೆರೆಯ 'ಎ' ಜಾಗದಲ್ಲಿ ತಲೆಕಟ್ಟು. ಎರಡೂ ಸೇರಿದರೆ ಕಣ್ಣಿಗೆ 'ನ'. ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಕಾಣುವ ಕಲಸುಮೇಲೋಗರ ಇದೇ. ಅದಕ್ಕೇ ಅಲ್ವಾ ಎಲ್ಲರೂ 'ಪಿಡಿಎಫ್ ಕಳಿಸಿ' ಅನ್ನುವುದು.

ಯೂನಿಕೋಡ್‌ನಲ್ಲಿ ಕನ್ನಡ 1991ರಿಂದಲೇ ಇದೆ. ಆದರೂ ಡಿಟಿಪಿ ಅಂಗಡಿಗಳಲ್ಲಿ ನುಡಿಯೇ ನಡೆದದ್ದಕ್ಕೆ ಕಾರಣ ಇದೆ. ಪುಟ ಕಟ್ಟುತ್ತಿದ್ದದ್ದು ಪೇಜ್‌ಮೇಕರ್‌ನಲ್ಲಿ. ಅದರ ಕೊನೆಯ ಆವೃತ್ತಿ 7, ಬಂದದ್ದು 2001ರಲ್ಲಿ. ಯೂನಿಕೋಡ್ ಕನ್ನಡದ ಒತ್ತಕ್ಷರ ಜೋಡಿಸುವುದು ಅದಕ್ಕೆ ಬರುತ್ತಿರಲಿಲ್ಲ. ಪ್ರೆಸ್‌ಗೆ ಪೇಜ್‌ಮೇಕರ್ ಬೇಕು, ಪೇಜ್‌ಮೇಕರ್‌ಗೆ ಆಸ್ಕಿ ಬೇಕು. ಅಂದಿನ ಆಪರೇಟರ್‌ಗಳು ಇದ್ದ ಸಾಧನದಲ್ಲಿ ಸೊಗಸಾದ ಕೆಲಸ ಮಾಡಿದ್ದಾರೆ.

ನೇರವಾಗಿ ಪಿಡಿಎಫ್ ಮಾಡಿ ನೋಡಿದಾಗ

ನುಡಿ ಫಾಂಟ್ ಇರುವ ಕಂಪ್ಯೂಟರ್‌ನಲ್ಲಿ ಒಂದು ಸಂಚಿಕೆಯನ್ನು ಹಾಗೇ ಪಿಡಿಎಫ್ ಮಾಡಿದೆ. ಪುಟ ಅಚ್ಚಾದಂತೆಯೇ ಬಂತು. ಪಿಡಿಎಫ್‌ನ ಮೂಲ ಉದ್ದೇಶವೇ ಅದು. 1993ರಲ್ಲಿ ಅಡೋಬಿ ಅದನ್ನು ಹೊರತಂದದ್ದೇ ಯಾವ ಯಂತ್ರದಲ್ಲಿ ತೆರೆದರೂ ಪುಟ ಒಂದೇ ಥರ ಕಾಣಲಿ ಅಂತ. 2008ರಲ್ಲಿ ಅದು ಐಎಸ್‌ಒ 32000 ಅನ್ನುವ ತೆರೆದ ಮಾನದಂಡವಾಯಿತು. ಫಾಂಟ್‌ನ ಬೇಕಾದ ಭಾಗ ಫೈಲ್ ಒಳಗೇ ಕೂರುತ್ತದೆ, ನೋಡುವವರ ಬಳಿ ಆ ಫಾಂಟ್ ಇರಲೇಬೇಕಿಲ್ಲ.

ಆದರೆ ಅದರಲ್ಲಿ 'ಕೆರೆ' ಅಂತ ಹುಡುಕಿದರೆ ಏನೂ ಸಿಗುವುದಿಲ್ಲ. ಒಂದು ಸಾಲು ಕಾಪಿ ಮಾಡಿ ವಾಟ್ಸ್ಆ್ಯಪ್‌ಗೆ ಹಾಕಿದರೆ ಪೌಂಡ್ ಗುರುತುಗಳು. ಫೋನ್ ಓದಿ ಹೇಳಿದ್ದು ಯಾವ ಭಾಷೆಯೂ ಅಲ್ಲ. ಹಾಗಾಗಿ ಮೊದಲು ಯೂನಿಕೋಡ್, ಆಮೇಲೆ ಪಿಡಿಎಫ್ ಅಂತ ನಿರ್ಧರಿಸಿದೆ.

ಯೂನಿಕೋಡ್‌ಗೆ ತಂದದ್ದು

ಪಠ್ಯವನ್ನು ಕಾಪಿ ಮಾಡಿ ಪರಿವರ್ತಕದಲ್ಲಿ ಹಾಕಿ ಮತ್ತೆ ಅಂಟಿಸಬಹುದು. ಚಿಕ್ಕ ಪತ್ರಕ್ಕೆ ಅದು ಸಾಕು. ಇಡೀ ಸಂಚಿಕೆಗೆ ಹಾಗೆ ಮಾಡಿದರೆ ಬೋಲ್ಡ್, ಇಟ್ಯಾಲಿಕ್, ಕೋಷ್ಟಕ, ಚಿತ್ರ ಎಲ್ಲ ಹೋಗುತ್ತವೆ. ನಾನು ಪೈಥಾನ್‌ನ ಡಾಕ್ಸ್ ಲೈಬ್ರರಿ ಹಿಡಿದು, ಫೈಲ್ ಒಳಗೇ ಅಕ್ಷರ ಬದಲಿಸುವ ಒಂದು ಸಣ್ಣ ಪ್ರೋಗ್ರಾಮ್ ಬರೆದೆ.

ವರ್ಡ್ ತನ್ನ ಪಠ್ಯವನ್ನು 'ರನ್' ಅನ್ನುವ ತುಂಡುಗಳಲ್ಲಿ ಇಡುತ್ತದೆ. ಒಂದೊಂದು ರನ್‌ಗೂ ತನ್ನದೇ ಫಾಂಟ್. ನುಡಿಯಲ್ಲಿರುವ ರನ್ ಮಾತ್ರ ಬದಲಾಗಬೇಕು, ಟೈಮ್ಸ್ ನ್ಯೂ ರೋಮನ್‌ನಲ್ಲಿರುವ ಇಂಗ್ಲಿಷ್ ವಿಳಾಸವನ್ನು ಮುಟ್ಟಬಾರದು. ರನ್‌ನಲ್ಲಿ ಫಾಂಟ್ ಹೆಸರೇ ಇಲ್ಲದಿದ್ದರೆ ಪ್ಯಾರಾದ ಸ್ಟೈಲ್ ನೋಡಬೇಕು, ಅಲ್ಲೂ ಇಲ್ಲದಿದ್ದರೆ ಇಡೀ ದಾಖಲೆಯ ಮೂಲ ಸ್ಟೈಲ್. ಇನ್ನೊಂದು ತೊಡಕು: ತಿದ್ದಿ ತಿದ್ದಿ ಸೇವ್ ಮಾಡಿದ ಫೈಲ್‌ನಲ್ಲಿ ಒಂದೇ ಪದ ಎರಡು ಮೂರು ರನ್‌ಗಳಲ್ಲಿ ಹರಿದು ಹಂಚಿರುತ್ತದೆ. ಅಕ್ಷರ ಒಂದರಲ್ಲಿ, ಅದರ ಒತ್ತು ಇನ್ನೊಂದರಲ್ಲಿ. ಹಾಗಾಗಿ ಒಂದೇ ಫಾಂಟ್, ಅಳತೆ, ದಪ್ಪ ಇರುವ ಅಕ್ಕಪಕ್ಕದ ರನ್‌ಗಳನ್ನು ಮೊದಲು ಕೂಡಿಸಬೇಕು, ಆಮೇಲೆ ಬದಲಿಸಬೇಕು.

ಇನ್ನು ಅಕ್ಷರಗಳ ಲೆಕ್ಕ. ಆಸ್ಕಿ ಫಾಂಟ್‌ಗೆ ಗೊತ್ತಿರುವುದು ಆಕಾರ ಮಾತ್ರ. ನುಡಿಯಲ್ಲಿ 'ಮ' ಅನ್ನುವುದು ಒಂದೇ ಚೂರಲ್ಲ. ಈ ಬಗ್ಗೆ ಕೇಳಲು ಚಾಮರಾಜಪೇಟೆಗೆ ಹೋದೆ. ಅಲ್ಲಿ ಈ ಸಂಚಿಕೆಗಳನ್ನು ಟೈಪ್ ಮಾಡಿದ ಅಕ್ಕ ಈಗಲೂ ಡಿಟಿಪಿ ಕೆಲಸ ಮಾಡುತ್ತಾರೆ.

"ಅದು 'ವ'ಗೆ ಕೊಂಬಿನ ಥರದ್ದೊಂದು ಬಾಲ ಸೇರಿಸಿದ್ದು ಸರ್. ಬಾಲ ಬಿಟ್ಟು ಹೋದ್ರೆ 'ಮನೆ' 'ವನೆ' ಆಗುತ್ತೆ" ಅಂದರು.

"ಹಾಗಾದ್ರೆ 'ವು'ಗೆ ಏನು ಹಾಕ್ತಿದ್ರಿ ಅಕ್ಕ?"

"ಅದಕ್ಕೆ ಬೇರೆ ಕೊಂಬು. ನೋಡೋಕೆ ಹತ್ತಿರ, ಕೀಲಿ ಬೇರೆ."

ಈ ಮಾತಿನಿಂದ ನನ್ನ ಬದಲಿ ಪಟ್ಟಿಯ ಕ್ರಮ ಸ್ಪಷ್ಟವಾಯಿತು. ಉದ್ದದ ಜೋಡಣೆಯನ್ನು ಮೊದಲು ಹುಡುಕಬೇಕು, ಚಿಕ್ಕದನ್ನು ಆಮೇಲೆ. 'ವ'ವನ್ನು ಮೊದಲೇ ಬದಲಿಸಿಬಿಟ್ಟರೆ 'ಮ' ಅನ್ನುವುದು ಎಲ್ಲೂ ಸಿಗುವುದಿಲ್ಲ.

ಆಕಾರಕ್ಕಿಂತ ಹೆಚ್ಚು ಗಮನ ಕೇಳುವುದು ಕ್ರಮ. ನುಡಿಯಲ್ಲಿ 'ಹಳ್ಳಿ' ಅಂತ ಬರೆದರೆ ಒಳಗೆ ಕೂರುವುದು ಹ, ಗುಡಿಸು ಕೊಟ್ಟ ಳಿ, ಕೊನೆಗೆ ಳ-ಒತ್ತು. ಕಣ್ಣಿಗೆ ಕಾಣುವ ಕ್ರಮ ಅದು. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ ಬೇಕು: ಹ, ಳ, ಅರ್ಧಾಕ್ಷರದ ಗುರುತು, ಮತ್ತೆ ಳ, ಕೊನೆಯಲ್ಲಿ ಗುಡಿಸು. ಅಂದರೆ ಗುಡಿಸನ್ನು ಕಿತ್ತು ಒತ್ತಿನ ಆಚೆಗೆ ದಾಟಿಸಬೇಕು. ಅರ್ಕಾವತ್ತು ಇದರ ತಿರುಗುಮುರುಗು. 'ಕರ್ನಾಟಕ'ದಲ್ಲಿ ನಾವು ರ್ ಅನ್ನು 'ನಾ'ಗಿಂತ ಮೊದಲು ಹೇಳುತ್ತೇವೆ, ಆದರೆ ಬರೆಯುವುದು 'ನಾ' ಆದಮೇಲೆ. ನುಡಿ ಅದನ್ನು ಆಮೇಲೆಯೇ ಇಡುತ್ತದೆ. ಅದನ್ನು ಎತ್ತಿ 'ನಾ'ಗಿಂತ ಹಿಂದಕ್ಕೆ ತರಬೇಕು. ನಡುವೆ ಒತ್ತು, ದೀರ್ಘ ಎಷ್ಟೇ ಇದ್ದರೂ ಎಲ್ಲವನ್ನೂ ದಾಟಿಸಬೇಕು. 'ಧರ್ಮಾಂಬುಧಿ' ಇದಕ್ಕೆ ಒಳ್ಳೆಯ ಪರೀಕ್ಷೆ. ಅರ್ಕಾವತ್ತು, ದೀರ್ಘ, ಸೊನ್ನೆ ಮೂರೂ ಒಂದರ ಪಕ್ಕ ಒಂದು ಇವೆ. ಈ ಪದ ಸರಿ ಬಂದರೆ ಉಳಿದವೂ ಹೆಚ್ಚಾಗಿ ಸರಿ ಬರುತ್ತವೆ.

ಕೆಲವು ಹಳೆಯ ಬರಹಗಳಲ್ಲಿ ಅರ್ಕಾವತ್ತಿನ ಬದಲು ಕನ್ನಡದ ಒಂಬತ್ತನ್ನೇ ಟೈಪ್ ಮಾಡಿದ್ದರು, 'ಕನಾ೯ಟಕ' ಅಂತ. ನೋಡಲು ಒಂದೇ ಥರ. ಪದದ ನಡುವೆ ಒಂಟಿ ೯ ಬಂದರೆ ಅರ್ಕಾವತ್ತು ಅಂತ ತಿಳಿಯುವ ನಿಯಮ ಸೇರಿಸಿದೆ. ಅಂಕಿಯ ಪಕ್ಕ ಬಂದರೆ ಮುಟ್ಟಬೇಡ ಅಂತಲೂ ಹೇಳಿದೆ.

'ರಾಜ್‌ಕುಮಾರ್' ಅನ್ನುವ ಹೆಸರು ಬೆಂಗಳೂರಿನ ಯಾವ ಸ್ಮರಣ ಸಂಚಿಕೆಯಲ್ಲಿ ಇಲ್ಲ ಹೇಳಿ? ಆಸ್ಕಿಯಲ್ಲಿ 'ಜ್' ಒಂದು ಬಿಡಿ ಆಕಾರ. ಸುಮ್ನೆ ಯೂನಿಕೋಡ್‌ಗೆ ತಂದರೆ ಜ್ ಮತ್ತು ಕು ಅಂಟಿಕೊಂಡು 'ರಾಜ್ಕುಮಾರ್' ಆಗುತ್ತದೆ. ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಬೇಕು, ಜೀರೋ ವಿಡ್ತ್ ನಾನ್ ಜಾಯಿನರ್ ಅಂತ ಅದರ ಹೆಸರು. ಅರ್ಧಾಕ್ಷರದ ಆಮೇಲೆ ಒತ್ತಲ್ಲದೆ ಪೂರ್ತಿ ವ್ಯಂಜನ ಬಂದರೆ ಆ ಗುರುತು ಹಾಕು ಅಂತ ನಿಯಮ ಬರೆದೆ. 'ಸಾಫ್ಟ್‌ವೇರ್' ಕೂಡ ಅದರಿಂದಲೇ ಸರಿಹೋಯಿತು. 'ರ್‍ಯಾಲಿ', 'ರ್‍ಯಾಂಕ್' ಥರದ ಪದಗಳು ಕಡಿಮೆ ಇದ್ದವು, ಅವನ್ನು ಕೈಯಲ್ಲೇ ತಿದ್ದಿದೆ.

ಶೀರ್ಷಿಕೆಗಳಲ್ಲಿ ಕೆಲವು ವರ್ಡ್‌ಆರ್ಟ್. ಅವನ್ನು ಯಾವ ಪ್ರೋಗ್ರಾಮ್‌ನಿಂದಲೂ ಬಿಡಿಸಲು ಹೋಗಲಿಲ್ಲ. ಹೊಸದಾಗಿ ಟೈಪ್ ಮಾಡುವುದೇ ಬೇಗ.

ಪುಟ ಕಟ್ಟುವುದು

ಹೊಸ ಫಾಂಟ್ ಆಗಿ ನೋಟೋ ಸೆರಿಫ್ ಕನ್ನಡ ಆರಿಸಿಕೊಂಡೆ. ಮುಕ್ತ ಪರವಾನಗಿ ಇದೆ, ಪಿಡಿಎಫ್ ಒಳಗೆ ಸೇರಿಸಲು ಅಡ್ಡಿ ಇಲ್ಲ. ಇದು ಸಣ್ಣ ವಿಷಯವಲ್ಲ. ಕೆಲವು ಫಾಂಟ್‌ಗಳಲ್ಲಿ ಒಳಗೆ ಸೇರಿಸಬೇಡಿ ಅಂತ ಗುರುತು ಇರುತ್ತದೆ. ಅಂಥ ಫಾಂಟ್ ಬಳಸಿದರೆ ಆ ಪಠ್ಯವನ್ನು ಚಿತ್ರ ಮಾಡಿಬಿಡುವ ಆಯ್ಕೆ ವರ್ಡ್‌ನ ಪಿಡಿಎಫ್ ಸೆಟ್ಟಿಂಗ್‌ನಲ್ಲಿದೆ. ಹಾಗಾದರೆ ಪುಟ ಚೆಂದ ಕಾಣುತ್ತೆ, ಅಕ್ಷರ ಮಾತ್ರ ಇರುವುದಿಲ್ಲ.

ವರ್ಡ್ ಫೈಲ್‌ನಲ್ಲಿ ಕನ್ನಡಕ್ಕೆ ಬೇರೆಯೇ ಫಾಂಟ್ ಖಾನೆ ಇದೆ. ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಅಂತ ಅದಕ್ಕೆ ಹೆಸರು. ಅಕ್ಷರದ ಅಳತೆ, ಬೋಲ್ಡ್ ಕೂಡ ಅಲ್ಲಿ ಬೇರೆ. ಮಾಮೂಲಿ ಖಾನೆಯಲ್ಲಿ 14 ಪಾಯಿಂಟ್, ಬೋಲ್ಡ್ ಅಂತ ಬರೆದರೂ ಕನ್ನಡ ಶೀರ್ಷಿಕೆ ತೆಳ್ಳಗೆ, ಚಿಕ್ಕದಾಗಿ ಉಳಿಯಬಹುದು. ಆಸ್ಕಿ ಪಠ್ಯವನ್ನು ಫೈಲ್ ಇಂಗ್ಲಿಷ್ ಅಂತಲೇ ತಿಳಿದಿತ್ತು, ಹಾಗಾಗಿ ಎಲ್ಲ ಅಳತೆಗಳೂ ಮಾಮೂಲಿ ಖಾನೆಯಲ್ಲಿದ್ದವು. ಪ್ರೋಗ್ರಾಮ್‌ನಲ್ಲಿ ಅವನ್ನು ಕಾಂಪ್ಲೆಕ್ಸ್ ಖಾನೆಗೂ ನಕಲು ಮಾಡಿಸಿದೆ. ಭಾಷೆ ಕನ್ನಡ ಅಂತಲೂ ಗುರುತು ಹಾಕಿಸಿದೆ. ಫೋನ್ ಯಾವ ದನಿಯಲ್ಲಿ ಓದಬೇಕು ಅನ್ನುವುದಕ್ಕೆ ಈ ಗುರುತು ಬೇಕು.

ಸಾಲಿನ ಅಂತರ ಇನ್ನೊಂದು ಕಡೆ ಕೈಕೊಡುತ್ತದೆ. ಹಳೆಯ ಫೈಲ್‌ಗಳಲ್ಲಿ 'ಎಕ್ಸಾಕ್ಟ್‌ಲಿ' ಅಂತ ಬಿಗಿ ಅಳತೆ ಕೊಟ್ಟಿದ್ದರು. ಕನ್ನಡ ಕೆಳಕ್ಕೆ ಬೆಳೆಯುವ ಲಿಪಿ. 'ಸ್ತ್ರೀ', 'ರಾಷ್ಟ್ರ' ಬಂದ ಕಡೆ ಕೆಳಗಿನ ಒತ್ತು ಕತ್ತರಿಸಿ ಹೋಗಿತ್ತು. ಅಂತರವನ್ನು 'ಮಲ್ಟಿಪಲ್'ಗೆ ಬದಲಿಸಿ 1.2ರಷ್ಟು ಕೊಟ್ಟ ಮೇಲೆ ಒತ್ತುಗಳು ಉಸಿರಾಡಿದವು.

ನೋಟೋ ಅಕ್ಷರಗಳು ನುಡಿಗಿಂತ ಜಾಸ್ತಿ ಜಾಗ ಹಿಡಿಯುತ್ತವೆ. ಪುಟಗಳು ಬೆಳೆದವು, ಕವನಗಳ ಕೊನೆಯ ಸಾಲು ಮುಂದಿನ ಪುಟಕ್ಕೆ ಜಾರಿತು. ಇಲ್ಲಿ ಯಂತ್ರ ಸಾಲದು, ಒಂದೊಂದು ಕವನ ನೋಡಿ ಪುಟ ಒಡೆಯಬೇಕು. ಸ್ಪೇಸ್ ಒತ್ತಿ ಒತ್ತಿ ಜೋಡಿಸಿದ್ದ ಸಾಲುಗಳಿಗೆ ಟ್ಯಾಬ್ ಹಾಕಿದೆ. ಶೀರ್ಷಿಕೆಗಳಿಗೆ ಹೆಡಿಂಗ್ ಸ್ಟೈಲ್ ಕೊಟ್ಟೆ. ಹಾಗೆ ಮಾಡಿದರೆ ಪಿಡಿಎಫ್‌ನ ಬದಿಯಲ್ಲಿ ಲೇಖನಗಳ ಪಟ್ಟಿ ತಾನಾಗಿ ಬರುತ್ತದೆ.

ಪುಟದ ಅಳತೆಯನ್ನೂ ಬದಲಿಸಿದೆ. ಕೆಲವು ಫೈಲ್ ಲೆಟರ್ ಅಳತೆಯಲ್ಲಿದ್ದವು, ನಮ್ಮಲ್ಲಿ ಜೆರಾಕ್ಸ್ ಅಂಗಡಿಯಲ್ಲಿ ಸಿಗುವುದು ಎ4. ಆದರೆ ಸದಸ್ಯರು ಓದುವುದು ಹೆಚ್ಚಾಗಿ ಫೋನ್‌ನಲ್ಲಿ. 210ಕ್ಕೆ 297 ಮಿಲಿಮೀಟರ್ ಪುಟವನ್ನು ಫೋನ್ ಪರದೆಗೆ ಕುಗ್ಗಿಸಿದರೆ ಅಕ್ಷರ ಇರುವೆಯಷ್ಟಾಗುತ್ತದೆ. ಅದರ ಅರ್ಧವಾದ ಎ5ರಲ್ಲಿ 12 ಪಾಯಿಂಟ್ ಅಕ್ಷರ ಇಟ್ಟೆ. ಅಚ್ಚು ಹಾಕಿಸುವವರಿಗೆ ಎ4 ಹಾಳೆಯಲ್ಲಿ ಎರಡು ಪುಟ ಸರಿಯಾಗಿ ಕೂರುತ್ತದೆ.

ದಾನಿಗಳ ಪಟ್ಟಿಯಲ್ಲಿ ಮನೆ ವಿಳಾಸ, ಫೋನ್ ನಂಬರ್ ಇದ್ದವು. ನೂರು ಪ್ರತಿ ಅಚ್ಚಾಗುವ ಪುಸ್ತಕಕ್ಕೆ ಅದು ಸರಿ, ಎಲ್ಲೆಲ್ಲೋ ಹರಿದಾಡುವ ಪಿಡಿಎಫ್‌ಗೆ ಅಲ್ಲ. ಇವನ್ನು ಪಿಡಿಎಫ್ ಮೇಲೆ ಕಪ್ಪು ಡಬ್ಬಿ ಎಳೆದು ಮುಚ್ಚಬೇಡಿ. ಕೆಳಗಿನ ಅಕ್ಷರ ಹಾಗೇ ಇರುತ್ತದೆ, ಕಾಪಿ ಮಾಡಿದರೆ ಬರುತ್ತದೆ. ವರ್ಡ್ ಫೈಲ್‌ನಲ್ಲೇ ಅಳಿಸಿ, ಆಮೇಲೆ ಪಿಡಿಎಫ್ ಮಾಡಿ. ಫೈಲ್‌ನ ಪ್ರಾಪರ್ಟೀಸ್‌ನಲ್ಲಿ ಲೇಖಕರ ಹೆಸರಿನ ಜಾಗವನ್ನೂ ನೋಡಿ. ಯಾರ ಕಂಪ್ಯೂಟರ್‌ನಲ್ಲಿ ಟೈಪ್ ಆಯಿತೋ ಅವರ ಹೆಸರು ಅಲ್ಲಿ ಕೂತಿರುತ್ತದೆ.

ಪಿಡಿಎಫ್ ಮಾಡುವ ಹೊತ್ತು

ಪಿಡಿಎಫ್‌ಗೆ ಎರಡು ದಾರಿ. ಪ್ರಿಂಟ್ ಕೊಟ್ಟು ಪ್ರಿಂಟರ್ ಜಾಗದಲ್ಲಿ ಪಿಡಿಎಫ್ ಆರಿಸುವುದು ಒಂದು. ಎಕ್ಸ್‌ಪೋರ್ಟ್ ಇನ್ನೊಂದು. ಪ್ರಿಂಟ್ ದಾರಿಯಲ್ಲಿ ಸಿಗುವುದು ಪುಟದ ಚಿತ್ರಣ ಮಾತ್ರ. ಲೇಖನ ಪಟ್ಟಿ, ಕೊಂಡಿಗಳು, ಇದು ಶೀರ್ಷಿಕೆ ಇದು ಪ್ಯಾರಾ ಅನ್ನುವ ಗುರುತುಗಳು ಉಳಿಯುವುದಿಲ್ಲ. ಹಾಗಾಗಿ ಯಾವಾಗಲೂ ಎಕ್ಸ್‌ಪೋರ್ಟ್. ಆ ಗುರುತುಗಳು ಉಳಿಯಲು ಲಿಬ್ರೆಆಫೀಸ್‌ನಲ್ಲಿ ಟ್ಯಾಗ್ಡ್ ಪಿಡಿಎಫ್ ಆಯ್ಕೆ ಹಾಕಿದೆ. ಸಂಘದಲ್ಲಿ ಕಾಪಿಡುವ ಪ್ರತಿಗೆ ಪಿಡಿಎಫ್/ಎ ಆರಿಸಿದೆ. ದೀರ್ಘ ಕಾಲ ಉಳಿಸಲೆಂದೇ 2005ರಲ್ಲಿ ಬಂದ ಮಾನದಂಡ ಅದು, ಎಲ್ಲ ಫಾಂಟ್ ಒಳಗೇ ಇರಬೇಕು ಅಂತ ಕಡ್ಡಾಯ.

ಯೂನಿಕೋಡ್ ಆಯಿತು, ಇನ್ನೇನು ಚಿಂತೆ ಅನ್ನಿಸಬಹುದು. ಆದರೆ ಆಸ್ಕಿಯಲ್ಲಿ ಕಂಡ ಕ್ರಮದ ಸಮಸ್ಯೆ ಪಿಡಿಎಫ್‌ನಲ್ಲಿ ಮತ್ತೆ ಎದುರಾಗುತ್ತದೆ. ಪಿಡಿಎಫ್ ಕೂಡ ಪುಟದಲ್ಲಿ ಆಕಾರಗಳನ್ನೇ ಜೋಡಿಸುತ್ತದೆ. ಯಾವ ಆಕಾರ ಯಾವ ಅಕ್ಷರ ಅನ್ನುವ ಪಟ್ಟಿ ಜೊತೆಗಿರುತ್ತದೆ ನಿಜ, ಆದರೆ ಆಕಾರಗಳು ಕೂತಿರುವುದು ಕಣ್ಣಿಗೆ ಕಾಣುವ ಕ್ರಮದಲ್ಲಿ. ಪಟ್ಟಿಯೊಂದನ್ನೇ ನಂಬಿ ಕಾಪಿ ಮಾಡಿದರೆ 'ಕರ್ನಾಟಕ' ಹೋಗಿ 'ಕನಾರ್ಟಕ' ಬರುತ್ತದೆ. ಎಷ್ಟೋ ಸುತ್ತೋಲೆಗಳಿಂದ ಕಾಪಿ ಮಾಡಿದಾಗ ಇದನ್ನು ನೀವೂ ನೋಡಿರುತ್ತೀರಿ. ಇದಕ್ಕೆ ಪಿಡಿಎಫ್‌ನಲ್ಲಿ ಪರಿಹಾರ ಇದೆ. ಆಕಾರಗಳ ಒಂದು ಗುಂಪಿಗೆ 'ಇದರ ನಿಜವಾದ ಪಠ್ಯ ಇದು' ಅಂತ ಚೀಟಿ ಅಂಟಿಸಬಹುದು. ಆ್ಯಕ್ಚುಯಲ್ ಟೆಕ್ಸ್ಟ್ ಅಂತ ಅದರ ಹೆಸರು. ಫೈಲ್ ಮಾಡುವ ತಂತ್ರಾಂಶ ಅದನ್ನು ಬರೆಯಬೇಕು, ಓದುವ ತಂತ್ರಾಂಶ ಅದನ್ನು ನೋಡಬೇಕು.

ಹಾಗಾಗಿ ಪಿಡಿಎಫ್ ಆದ ಕೂಡಲೇ ಪಾಪ್ಲರ್ ಅನ್ನುವ ಉಚಿತ ಪಿಡಿಎಫ್ ತಂತ್ರಾಂಶದ ಜೊತೆ ಬರುವ ಎರಡು ಉಪಕರಣ ಓಡಿಸುತ್ತೇನೆ. ಪಿಡಿಎಫ್‌ಫಾಂಟ್ಸ್ ಅನ್ನುವುದು ಫಾಂಟ್‌ಗಳ ಪಟ್ಟಿ ಕೊಡುತ್ತದೆ. ಅದರಲ್ಲಿ ಎಂಬ್ ಮತ್ತು ಯುನಿ ಅನ್ನುವ ಕಂಬಗಳಲ್ಲಿ 'ಯೆಸ್' (yes) ಅಂತ ಇರಬೇಕು. ಮೊದಲನೆಯದು ಫಾಂಟ್ ಒಳಗಿದೆ ಅನ್ನುವುದಕ್ಕೆ, ಎರಡನೆಯದು ಅಕ್ಷರಪಟ್ಟಿ ಇದೆ ಅನ್ನುವುದಕ್ಕೆ. ಪಿಡಿಎಫ್‌ಟುಟೆಕ್ಸ್ಟ್ ಅನ್ನುವುದು ಪಠ್ಯವನ್ನು ಹೊರಗೆ ತೆಗೆಯುತ್ತದೆ. ಅದನ್ನು ಮೂಲ ಡಾಕ್ಸ್‌ನ ಪಠ್ಯದ ಪಕ್ಕ ಇಟ್ಟು ಹೋಲಿಸುತ್ತೇನೆ. ಲಿಬ್ರೆಆಫೀಸ್ ಎಕ್ಸ್‌ಪೋರ್ಟ್‌ನಿಂದ ಬಂದ ಫೈಲ್‌ಗಳಲ್ಲಿ 'ಧರ್ಮಾಂಬುಧಿ', 'ಹಳ್ಳಿ' ಎರಡೂ ಸರಿಯಾಗಿ ಹೊರಬಂದವು. ಕೆಲವು ಫೋನ್ ರೀಡರ್‌ಗಳು ಆ ಚೀಟಿಯನ್ನು ನೋಡುವುದೇ ಇಲ್ಲ, ಅಲ್ಲಿ ಹುಡುಕಾಟ ಪೂರ್ತಿ ಸರಿ ಬರುವುದಿಲ್ಲ. ಅದಕ್ಕಾಗಿ ಪ್ರತಿ ಸಂಚಿಕೆಯ ಜೊತೆ ಬರೀ ಪಠ್ಯದ ಒಂದು ಫೈಲನ್ನೂ ಕಳಿಸುತ್ತಿದ್ದೇನೆ. ಹೆಚ್ಚು ಭಾರ ಇಲ್ಲ, ಎಲ್ಲ ಫೋನ್‌ನಲ್ಲೂ ತೆರೆಯುತ್ತದೆ.

ಪರಿಷೆಯ ಫೋಟೋಗಳಿದ್ದ ಸಂಚಿಕೆ ತುಂಬಾ ದಪ್ಪ ಆಯಿತು. ಎಕ್ಸ್‌ಪೋರ್ಟ್ ಕಿಟಕಿಯಲ್ಲೇ ಚಿತ್ರದ ಸಾಂದ್ರತೆಯನ್ನು 300ರಿಂದ 150 ಡಿಪಿಐಗೆ ಇಳಿಸಿದೆ. ಮಾಡಿಯಾದ ಪಿಡಿಎಫ್ ಅನ್ನು ಆಮೇಲೆ ಆನ್‌ಲೈನ್ ಕಂಪ್ರೆಸರ್‌ಗೆ ಹಾಕುವುದು ನನಗೆ ಇಷ್ಟವಿಲ್ಲ. ಅವು ಫೈಲನ್ನು ಹೊಸದಾಗಿ ಬರೆಯುವಾಗ ಆ ಚೀಟಿಗಳನ್ನು ಬಿಟ್ಟುಬಿಡಬಹುದು, ಜೊತೆಗೆ ನಮ್ಮ ಫೈಲ್ ಯಾರದೋ ಸರ್ವರ್‌ಗೆ ಹೋಗುತ್ತದೆ. ಚಿತ್ರಗಳಿಗೆ ಒಂದೊಂದು ಸಾಲಿನ ವಿವರಣೆಯನ್ನೂ ವರ್ಡ್‌ನಲ್ಲೇ ಸೇರಿಸಿದೆ. ಕಣ್ಣು ಕಾಣದ ಸದಸ್ಯರು ಕೆರೆ ಲೇಖನ ಕೇಳಿ, "ಫೋಟೋದಲ್ಲಿ ಏನಿದೆ ಅಂತಾನೂ ಹೇಳುತ್ತೆ, ಆದ್ರೆ ಕೋಷ್ಟಕ ಬಂದಾಗ ಸಾಲು ಅಡ್ಡಾದಿಡ್ಡಿ ಆಗುತ್ತೆ ನೋಡಿ" ಅಂದರು. ನೋಡಿದರೆ ಕೋಷ್ಟಕದಲ್ಲಿ ಖಾನೆಗಳನ್ನು ಕೂಡಿಸಿ ಇಟ್ಟಿದ್ದರು. ಅವನ್ನು ಬಿಡಿಸಿ, ಮೊದಲ ಸಾಲಿಗೆ ತಲೆಸಾಲು ಅಂತ ಗುರುತು ಹಾಕಿ ಮತ್ತೆ ಎಕ್ಸ್‌ಪೋರ್ಟ್ ಮಾಡಿದ ಮೇಲೆ ಸರಿಯಾಗಿ ಓದಿತು.

ಈಗ ಉಳಿದಿರುವುದು ವರ್ಡ್ ಪ್ರತಿಯೇ ಇಲ್ಲದ ಸಂಚಿಕೆಗಳು. ಅವುಗಳ ಪೇಜ್‌ಮೇಕರ್ ಫೈಲ್ ಮಾತ್ರ ಇದೆ. ಲಿಬ್ರೆಆಫೀಸ್ 4.4ರಿಂದ ಪೇಜ್‌ಮೇಕರ್ ಫೈಲ್‌ಗಳನ್ನು ತೆರೆಯುತ್ತದೆ. ತೆರೆದಾಗ ಪಠ್ಯ ಬಿಡಿ ಬಿಡಿ ಡಬ್ಬಿಗಳಲ್ಲಿ ಬರುತ್ತದೆ. ಯಾವ ಡಬ್ಬಿಯ ಮುಂದಿನದು ಯಾವುದು ಅಂತ ಅಚ್ಚಾದ ಪ್ರತಿ ನೋಡಿಯೇ ಜೋಡಿಸಬೇಕು. ಆ ವರ್ಷಗಳ ಅಚ್ಚು ಪ್ರತಿಯನ್ನು ಶ್ರೀನಗರದಲ್ಲಿರುವ ಹಿರಿಯ ಸದಸ್ಯರೊಬ್ಬರು ಕೊಡುತ್ತೇನೆ ಅಂದಿದ್ದಾರೆ. ಅದು ಕೈಗೆ ಬಂದ ಮೇಲೆ ಆ ಡಬ್ಬಿಗಳ ಕೆಲಸ ಶುರು.